ಅಂಡಾಣುವಿನೊಳಗಿನ ಕತ್ತರಿ ಕೆಲಸ

ಮದುವೆಯಾಗಿ ವರ್ಷ ತುಂಬುವ ಮೊದಲೇ ನಮ್ಮ ಮನೆಗಳಲ್ಲಿ ಸೊಸೆಯನ್ನು ಕೇಳುವ ಪ್ರಶ್ನೆ ಒಂದೇ: ‘ಏನಾದರೂ ವಿಶೇಷವೇ?’ ಎರಡು ಮೂರು ವರ್ಷ ಕಳೆದರೂ ‘ವಿಶೇಷ’ ಇಲ್ಲದಿದ್ದರೆ ಎಲ್ಲರ ಬೆರಳು ಆಕೆಯ ಕಡೆಗೇ. ಅವಳು ತಿಂದದ್ದು, ಓದಿದ್ದು, ಕೆಲಸಕ್ಕೆ ಹೋದದ್ದು ಎಲ್ಲವೂ ತಪ್ಪಾಗಿ ಕಾಣತೊಡಗುತ್ತದೆ. ಗರ್ಭ ನಿಲ್ಲಬೇಕಾದರೆ ಅಂಡಾಣುವಿನೊಳಗೆ ಎಂಥ ಸೂಕ್ಷ್ಮ ಕೆಲಸ ನಡೆಯಬೇಕು ಎಂಬುದನ್ನು ತಿಳಿದವರು ಹೀಗೆ ಮಾತನಾಡಲಾರರು.

ಹುಟ್ಟುವಾಗಲೇ ತಂದ ಬುತ್ತಿ

ಗಂಡಸರಲ್ಲಿ ವೀರ್ಯಾಣುಗಳು ಪ್ರಾಯಕ್ಕೆ ಬಂದಂದಿನಿಂದ ದಿನವೂ ಹೊಸದಾಗಿ ತಯಾರಾಗುತ್ತವೆ. ಹೆಂಗಸರಲ್ಲಿ ಹಾಗಲ್ಲ. ಹೆಣ್ಣುಮಗು ಹುಟ್ಟುವಾಗಲೇ ಅದರ ಅಂಡಾಶಯಗಳಲ್ಲಿ ಸುಮಾರು 10ರಿಂದ 20 ಲಕ್ಷ ಎಳೆಯ ಅಂಡಾಣುಗಳಿರುತ್ತವೆ. ಮೈನೆರೆಯುವ ಹೊತ್ತಿಗೆ ಮೂರು ನಾಲ್ಕು ಲಕ್ಷ ಉಳಿಯುತ್ತವೆ. ಮಾಗಿ ಹೊರಬರುವುದು ಜೀವಮಾನದಲ್ಲಿ 400ರಿಂದ 500 ಮಾತ್ರ. ಅಂದರೆ 35 ವರ್ಷದ ಹೆಂಗಸಿನ ಅಂಡಾಣುವಿಗೂ 35 ವರ್ಷ.

ಒಂದೇ ಚಿತ್ರೀಕರಣ, ಹಲವು ಚಿತ್ರ

ನಮ್ಮ ಜೀವಕೋಶಗಳಲ್ಲಿ ಪ್ರೋಟೀನು ತಯಾರಿಸಲು ಆದೇಶ ಕೊಡುವ ವಂಶವಾಹಿಗಳು ಸುಮಾರು 20,000. ಪ್ರೋಟೀನು ಬೇಕಾದಾಗ ಜೀವಕೋಶವು ಆಯಾ ವಂಶವಾಹಿಯ ಒಂದು ಪ್ರತಿ ತೆಗೆಯುತ್ತದೆ. ಈ ಪ್ರತಿಯೇ ಆರ್‌ಎನ್‌ಎ. ಆದರೆ ಅದನ್ನು ಇದ್ದಂತೆಯೇ ಬಳಸಲಾಗುವುದಿಲ್ಲ. ಬೇಡದ ತುಂಡುಗಳನ್ನು ಕತ್ತರಿಸಿ, ಬೇಕಾದವನ್ನು ಜೋಡಿಸಬೇಕು. ಚಿತ್ರೀಕರಿಸಿದ ರೀಲುಗಳನ್ನು ಸಿನಿಮಾ ಸಂಕಲನಕಾರರು ಕತ್ತರಿಸಿ ಅಂಟಿಸುತ್ತಾರಲ್ಲ, ಹಾಗೆ. ಇದನ್ನು 1977ರಲ್ಲಿ ಬೇರೆ ಬೇರೆಯಾಗಿ ಕಂಡುಹಿಡಿದ ರಿಚರ್ಡ್ ರಾಬರ್ಟ್ಸ್ ಮತ್ತು ಫಿಲಿಪ್ ಶಾರ್ಪ್ ಅವರಿಗೆ 1993ರಲ್ಲಿ ನೊಬೆಲ್ ಪ್ರಶಸ್ತಿ ಬಂತು.

ಒಂದು ದೃಶ್ಯ ಸೇರಿಸಿದರೆ ಒಂದು ಚಿತ್ರ, ಬಿಟ್ಟರೆ ಇನ್ನೊಂದು. ಹಾಗೆಯೇ ಒಂದೇ ವಂಶವಾಹಿಯಿಂದ ಬೇರೆ ಬೇರೆ ಪ್ರೋಟೀನುಗಳು ಹುಟ್ಟುತ್ತವೆ. ಇದಕ್ಕೆ ‘ಪರ್ಯಾಯ ಜೋಡಣೆ’ ಎನ್ನಬಹುದು. ಮನುಷ್ಯನ ಶೇಕಡಾ 90ಕ್ಕೂ ಹೆಚ್ಚು ವಂಶವಾಹಿಗಳಲ್ಲಿ ಇದು ನಡೆಯುತ್ತದೆ.

ಅಂಡಾಶಯದಿಂದಲೇ ಒಂದು ಉದಾಹರಣೆ ಕೊಡಬಹುದು. ಅಂಡಾಣುವನ್ನು ಸುತ್ತುವರಿದ ಕೋಶಗಳು ‘ಕಿಟ್ ಲೈಗ್ಯಾಂಡ್’ ಎಂಬ ಪ್ರೋಟೀನಿನ ಮೂಲಕ ಅದಕ್ಕೆ ‘ಬೆಳೆ’ ಎಂಬ ಸಂದೇಶ ಕೊಡುತ್ತವೆ. ಜೋಡಿಸುವಾಗ ಒಂದು ತುಂಡನ್ನು ಉಳಿಸಿಕೊಂಡರೆ ಈ ಪ್ರೋಟೀನು ಕೋಶದಿಂದ ಕಳಚಿಕೊಂಡು ಹೋಗುತ್ತದೆ. ಆ ತುಂಡನ್ನು ಬಿಟ್ಟರೆ ಕೋಶದ ಮೈಗೇ ಅಂಟಿಕೊಂಡಿರುತ್ತದೆ. ಅಂಡಾಣುವಿನ ಬೆಳವಣಿಗೆಗೆ ಹೆಚ್ಚು ನೆರವಾಗುವುದು ಹೀಗೆ ಅಂಟಿಕೊಂಡ ರೂಪ.

ಮರುಚಿತ್ರೀಕರಣ ಇಲ್ಲ

ಬೇರೆ ಕೋಶಗಳಲ್ಲಿ ತಪ್ಪಾದರೆ ಹೊಸ ಪ್ರತಿ ತೆಗೆಯಬಹುದು. ಪೂರ್ತಿ ಬೆಳೆದ ಅಂಡಾಣುವಿನಲ್ಲಿ ಹೊಸ ಪ್ರತಿ ತೆಗೆಯುವ ಕೆಲಸ ಬಹುಮಟ್ಟಿಗೆ ನಿಂತುಬಿಡುತ್ತದೆ. ಅದು ಮಾಗುವುದು, ವೀರ್ಯಾಣುವಿನೊಡನೆ ಕೂಡುವುದು, ಭ್ರೂಣದ ಮೊದಲ ಎರಡು ಮೂರು ದಿನ ಕಳೆಯುವುದು, ಎಲ್ಲವೂ ಮೊದಲೇ ಕತ್ತರಿಸಿ ಜೋಡಿಸಿ ಕೂಡಿಟ್ಟ ಪ್ರತಿಗಳಿಂದಲೇ. ಭ್ರೂಣದ ಸ್ವಂತ ವಂಶವಾಹಿಗಳು ಚುರುಕಾಗುವುದು ಅದು ನಾಲ್ಕರಿಂದ ಎಂಟು ಕೋಶಗಳಾದ ಮೇಲೆ. ಕೂಡಿಟ್ಟದ್ದರಲ್ಲೇ ದೋಷವಿದ್ದರೆ ಗರ್ಭ ಅಲ್ಲಿಗೇ ನಿಲ್ಲಬಹುದು.

ಜೋಡಣೆಯನ್ನು ನಿಯಂತ್ರಿಸುವ ಪ್ರೋಟೀನುಗಳಲ್ಲಿ ‘ಎಸ್‌ಆರ್‌ಎಸ್‌ಎಫ್3’ ಒಂದು. ಇದನ್ನು ಹೆಣ್ಣಿಲಿಗಳ ಅಂಡಾಣುವಿನಲ್ಲಿ ಮಾತ್ರ ಇಲ್ಲವಾಗಿಸಿ ನಡೆಸಿದ ಪ್ರಯೋಗದ ವರದಿ 2018ರಲ್ಲಿ ಪ್ರಕಟವಾಯಿತು. ಆ ಅಂಡಾಣುಗಳು ಮಾಗುವ ಹಂತಕ್ಕೆ ಹೋಗಲಾರದೆ ನಿಂತವು, ಇಲಿಗಳಿಗೆ ಮರಿಯಾಗಲಿಲ್ಲ. ಇಲಿಯಲ್ಲಿ ಕಂಡದ್ದೆಲ್ಲ ಹಾಗೆಯೇ ಮನುಷ್ಯರಿಗೆ ಅನ್ವಯಿಸುವುದಿಲ್ಲ, ನಿಜ. ವಯಸ್ಸಾದಂತೆ ಗರ್ಭ ನಿಲ್ಲದಿರಲು ಮುಖ್ಯ ಕಾರಣ ಅಂಡಾಣುವಿನ ವರ್ಣತಂತುಗಳ ಎಣಿಕೆ ತಪ್ಪುವುದು. ಜೋಡಣೆಯ ದೋಷವು ವಿಜ್ಞಾನಿಗಳು ಈಗ ಬಿಡಿಸುತ್ತಿರುವ ಇನ್ನೊಂದು ಗಂಟು.

ಮನೆಮಂದಿ ತಿಳಿಯಬೇಕಾದದ್ದು

* ಜೋಡಣೆಯ ದೋಷವನ್ನು ಪತ್ತೆಹಚ್ಚುವ ಪರೀಕ್ಷೆಯಾಗಲಿ ಸರಿಪಡಿಸುವ ಔಷಧಿಯಾಗಲಿ ಚಿಕಿತ್ಸಾಲಯಗಳಲ್ಲಿ ಇಲ್ಲ. ‘ಅಂಡಾಣು ಶಕ್ತಿವರ್ಧಕ’ ಎಂದು ಮಾರುವ ಪುಡಿ, ಟಾನಿಕ್‌ಗಳಿಗೆ ಹಣ ಸುರಿಯಬೇಡಿ.

* ಎಎಂಎಚ್ ಎಂಬ ರಕ್ತಪರೀಕ್ಷೆ ಉಳಿದಿರುವ ಅಂಡಾಣುಗಳ ಸಂಖ್ಯೆಯ ಅಂದಾಜು ಕೊಡುತ್ತದೆ, ಗುಣಮಟ್ಟವನ್ನಲ್ಲ. ಮುಟ್ಟು ಕ್ರಮವಾಗಿದೆ ಎಂದ ಮಾತ್ರಕ್ಕೆ ಅಂಡಾಣು ಗಟ್ಟಿಯಾಗಿದೆ ಎಂದೂ ಅಲ್ಲ.

* ಪ್ರನಾಳ ಶಿಶು ಚಿಕಿತ್ಸೆಯೂ ವಯಸ್ಸಾದ ಅಂಡಾಣುವನ್ನು ಎಳೆಯದಾಗಿಸುವುದಿಲ್ಲ.

* ಒಂದು ವರ್ಷ ಜತೆಯಲ್ಲಿದ್ದು ಪ್ರಯತ್ನಿಸಿದರೂ ಗರ್ಭ ನಿಲ್ಲದಿದ್ದರೆ ವೈದ್ಯರನ್ನು ಕಾಣಿ. ಹೆಂಡತಿಗೆ 35 ದಾಟಿದ್ದರೆ ಆರು ತಿಂಗಳು ಸಾಕು. ಮುಟ್ಟು ಏರುಪೇರಾಗಿದ್ದರೆ ಕಾಯುವುದೇ ಬೇಡ.

* ಇಬ್ಬರೂ ಒಟ್ಟಿಗೆ ಹೋಗಿ. ವೀರ್ಯಪರೀಕ್ಷೆ ಸುಲಭ, ನೋವಿಲ್ಲದ್ದು. ಅದನ್ನು ಮಾಡಿಸದೆ ಹೆಂಗಸಿಗೆ ಮಾತ್ರ ಚುಚ್ಚುಮದ್ದು, ಸ್ಕ್ಯಾನು, ಶಸ್ತ್ರಕ್ರಿಯೆ ಎಂದು ಅಲೆಸುವುದು ಅನ್ಯಾಯ.

* ಬೀಡಿ, ಸಿಗರೇಟು, ಹೊಗೆಸೊಪ್ಪು ಇಬ್ಬರಿಗೂ ಬೇಡ. ಮೈತೂಕ ಹತೋಟಿಯಲ್ಲಿರಲಿ. ಹೆಂಡತಿ ಥೈರಾಯ್ಡ್ ಪರೀಕ್ಷೆ ಮಾಡಿಸಿಕೊಂಡು, ಗರ್ಭಕ್ಕೆ ಮೊದಲೇ ಫೋಲಿಕ್ ಆಮ್ಲದ ಮಾತ್ರೆ ಶುರುಮಾಡುವುದು ಒಳ್ಳೆಯದು.

ತಾಯಿಯ ಹೊಟ್ಟೆಯಲ್ಲಿದ್ದಾಗಲೇ ರೂಪುಗೊಂಡ ಅಂಡಾಣುವಿನಲ್ಲಿ, ಸೂಕ್ಷ್ಮದರ್ಶಕಕ್ಕೂ ಕಾಣದ ಒಂದು ಕತ್ತರಿ ತಪ್ಪಿದರೆ ಅದು ಯಾರ ತಪ್ಪೂ ಅಲ್ಲ. ಅತ್ತೆ ಮಾವಂದಿರು ಸೊಸೆಯನ್ನು ‘ವಿಶೇಷವೇ?’ ಎಂದು ಕೇಳುವ ಬದಲು, ಮಗನನ್ನೂ ಜತೆಗೆ ಕಳಿಸಿ ಸಕಾಲದಲ್ಲಿ ಪರೀಕ್ಷೆ ಮಾಡಿಸಲಿ.