ಬಾಡಿಗೆ ಮನೆಯ ಲೆಕ್ಕ ಮಕ್ಕಳಿಗೂ ತಿಳಿಯಲಿ

ತುಂಗಭದ್ರಾ ಎಡದಂಡೆ ಕಾಲುವೆಯ ನೀರಿನಲ್ಲಿ ಭತ್ತ ಬೆಳೆಯುವ ಸಿಂಧನೂರು ಸೀಮೆಯ ಗೊರೇಬಾಳದಂತಹ ಊರುಗಳಲ್ಲಿ, ಹೊಲವನ್ನು ಗುತ್ತಿಗೆಗೆ ಕೊಡುವುದೂ ಹಿಡಿಯುವುದೂ ಮಕ್ಕಳು ಕಂಡು ಕೇಳಿದ ಸಂಗತಿಯೇ ಆಗಿರುವುದರಿಂದ, ಮನೆ ಬಾಡಿಗೆಯ ವಿವರಣೆಯನ್ನು ಅಲ್ಲಿಂದಲೇ ಆರಂಭಿಸುವುದು ಲೇಸು. ಪಹಣಿ ಒಬ್ಬರ ಹೆಸರಿನಲ್ಲಿದ್ದರೂ ಒಪ್ಪಿದಷ್ಟು ಚೀಲ ಭತ್ತವನ್ನೋ ಹಣವನ್ನೋ ಕೊಟ್ಟವರು ಆ ಅವಧಿಯ ಬೆಳೆ ತೆಗೆದುಕೊಳ್ಳುವಂತೆ, ಮನೆ ಮಾಲೀಕರದ್ದಾದರೂ ತಿಂಗಳ ಬಾಡಿಗೆ ಕೊಡುವ ಕುಟುಂಬಕ್ಕೆ ಅಲ್ಲಿ ವಾಸಿಸುವ ಹಕ್ಕಿರುತ್ತದೆ. (1974ರ ಭೂಸುಧಾರಣೆಯ ತಿದ್ದುಪಡಿಯ ನಂತರ ಕೃಷಿಭೂಮಿಯ ಗೇಣಿಯನ್ನು ಕಾನೂನು ಬೇರೆಯಾಗಿಯೇ ನೋಡುತ್ತದೆ, ಮಕ್ಕಳಿಗೆ ತಿಳಿಹೇಳಲು ಅದು ಅಡ್ಡಿಯಾಗದು.) ಇಷ್ಟು ವರ್ಷ ದುಡ್ಡು ಕೊಟ್ಟರೂ ಮನೆ ನಮ್ಮದೇಕೆ ಆಗಲಿಲ್ಲ ಎಂದು ಮಗು ಕೇಳಿದರೆ, ಬಾಡಿಗೆಯು ಮನೆಯ ಬೆಲೆಯಲ್ಲ, ಅದರಲ್ಲಿ ವಾಸಿಸುವುದಕ್ಕೆ ತೆರುವ ಬೆಲೆ ಎಂಬ ಉತ್ತರ ಸಾಕು.

ಹೆಚ್ಚು ತಾಳ್ಮೆಯಿಂದ ವಿವರಿಸಬೇಕಾದದ್ದು ಮುಂಗಡ, ಅಂದರೆ ಜನ ಅಡ್ವಾನ್ಸ್ ಎನ್ನುವ ಹಣ. ಅದು ಮಾಲೀಕರ ಬಳಿ ಇದ್ದರೂ ಬಾಡಿಗೆದಾರರದೇ ಹಣವಾಗಿದ್ದು, ಮನೆ ಬಿಡುವಾಗ ಮರಳಬೇಕಾದದ್ದು. ಈ ಅಂಕಣದ ಲೇಖಕರ ಕುಟುಂಬ ಒಮ್ಮೆ ಮನೆ ಬಿಟ್ಟಾಗ ಸುಣ್ಣಬಣ್ಣದ ಹೆಸರಿನಲ್ಲಿ ಮುಂಗಡದ ಒಂದು ಪಾಲು ಮುರಿದುಕೊಳ್ಳಲಾಯಿತು. ಮುರಿದುಕೊಂಡ ಹಣ ಎಲ್ಲಿ ಹೋಯಿತೆಂದು ಮಕ್ಕಳು ಕೇಳಿದಾಗ, 30,000ದಲ್ಲಿ 4,000 ಕಳೆದರೆ 26,000 ಎಂಬಂತಹ ಲೆಕ್ಕವನ್ನು ಕಾಗದದ ಮೇಲೆ ಬರೆದು ತೋರಿಸಿದ ಬಳಿಕವೇ ಅವರಿಗೆ ಕರಾರು ಪತ್ರದ ಅಗತ್ಯ ಅರ್ಥವಾಯಿತು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯು ವಾಸದ ಮನೆಗೆ 2 ತಿಂಗಳ ಬಾಡಿಗೆಗಿಂತ ಹೆಚ್ಚು ಮುಂಗಡ ಕೂಡದೆನ್ನುತ್ತದೆ. ಅದು ರಾಜ್ಯಗಳಿಗೆ ಕೊಟ್ಟ ಮಾದರಿ ಮಾತ್ರವಾದ್ದರಿಂದ, ಬೆಂಗಳೂರಿಗೆ ದುಡಿಯಲು ಹೋಗುವ ರಾಯಚೂರು ಜಿಲ್ಲೆಯ ಕುಟುಂಬಗಳು ಅಲ್ಲಿ ಹಲವು ತಿಂಗಳ ಬಾಡಿಗೆಯನ್ನು ಒಟ್ಟಿಗೇ ಹೊಂದಿಸಬೇಕಾಗುತ್ತದೆ. ಮನೆಯವರು ಆ ಹಣಕ್ಕಾಗಿ ಯಾಕೆ ಪರದಾಡುತ್ತಾರೆಂಬುದನ್ನು ಮಕ್ಕಳಿಂದ ಮುಚ್ಚಿಡಬೇಕಾಗಿಲ್ಲ.

ಕರಾರು ಸಾಮಾನ್ಯವಾಗಿ 11 ತಿಂಗಳದ್ದಾಗಿರಲು ಕಾರಣ, ಒಂದು ವರ್ಷ ಮೀರಿದ ಗುತ್ತಿಗೆಯನ್ನು 1908ರ ನೋಂದಣಿ ಕಾಯ್ದೆಯಂತೆ ನೋಂದಾಯಿಸಬೇಕಾಗುವುದು. ಗೋಡೆಗೆ ಮೊಳೆ ಹೊಡೆಯಬೇಡವೆಂದು ಗದರುವ ಬದಲು, ಸಹಜ ಸವೆತವನ್ನು ಬಿಟ್ಟರೆ ಮನೆಯನ್ನು ಪಡೆದ ಸ್ಥಿತಿಯಲ್ಲಿಯೇ ಮರಳಿಸುವ ಹೊಣೆ ಬಾಡಿಗೆದಾರರದೆಂದು ಹೇಳಬೇಕು. ಜೊತೆಗೆ, ಬೇರೆ ಒಪ್ಪಂದವಿಲ್ಲದ ತಿಂಗಳ ಬಾಡಿಗೆಯ ಮನೆಯನ್ನು ಬಿಡಿಸಲು 1882ರ ಸ್ವತ್ತು ವರ್ಗಾವಣೆ ಕಾಯ್ದೆಯಂತೆ 15 ದಿನಗಳ ನೋಟಿಸು ಬೇಕೆಂಬುದನ್ನೂ ತಿಳಿಸಬೇಕು, ಏಕೆಂದರೆ ಯಾವ ಹೊತ್ತಿನಲ್ಲಾದರೂ ಹೊರಗೆ ಹಾಕಿಬಿಡುತ್ತಾರೆಂಬ ಅಂಜಿಕೆ ಮಕ್ಕಳಲ್ಲಿ ದೊಡ್ಡವರು ಎಣಿಸಿದ್ದಕ್ಕಿಂತ ಆಳವಾಗಿರುತ್ತದೆ. ಜೆಸ್ಕಾಂ ವಿದ್ಯುತ್ ಬಿಲ್ಲಿನಲ್ಲಿ ಮಾಲೀಕರ ಹೆಸರಿದ್ದರೂ 2023ರ ಗೃಹಜ್ಯೋತಿ ಉಚಿತ ವಿದ್ಯುತ್ ಯೋಜನೆಯ ಲಾಭ ಬಾಡಿಗೆದಾರರಿಗೂ ಸಿಗುತ್ತದೆಂಬುದು ಅವರ ಹಕ್ಕಿಗೆ ಮಕ್ಕಳಿಗೆ ಬೇಗ ತಿಳಿಯುವ ಉದಾಹರಣೆ.

ಬಾಡಿಗೆ ಕೊಡುವ ದಿನ ಮಗುವನ್ನು ಜೊತೆಗೆ ಕರೆದೊಯ್ದು, ತಿಂಗಳು, ಮೊತ್ತ ಮತ್ತು ಮಾಲೀಕರ ಸಹಿಯಿರುವ ರಸೀದಿಯನ್ನು ಮಗುವಿನಿಂದಲೇ ಓದಿಸಿ, ಮನೆಯ ಕಡತದಲ್ಲಿ ಅದರ ಕೈಯಿಂದಲೇ ಇಡಿಸುವ ರೂಢಿಯನ್ನು ಪಾಲಕರು ಈ ತಿಂಗಳಿನಿಂದಲೇ ಆರಂಭಿಸಬೇಕು.