ಲಿನಕ್ಸಿಗೆ ಕನ್ನಡ ಫಾಂಟ್: ಹಾಕುವುದಷ್ಟೇ ಅಲ್ಲ

ಉಬುಂಟು, ಮಿಂಟ್, ಫೆಡೋರಾ ಯಾವುದೇ ಇರಲಿ, ಹೊಸ ಫಾಂಟ್ ಹಾಕಲು ಎರಡು ನಿಮಿಷ ಸಾಕು. ಆದರೆ ಒತ್ತಕ್ಷರ ಸರಿಯಾಗಿ ಕೂರಬೇಕು, ಪರದೆಯಲ್ಲಿ ಕಂಡದ್ದೇ ಅಚ್ಚಾಗಬೇಕು ಎಂದರೆ ಸ್ವಲ್ಪ ತಲೆ ಓಡಿಸಬೇಕು.

1. ಮೊದಲು ಇರುವುದನ್ನು ನೋಡಿ. ಟರ್ಮಿನಲ್ ತೆರೆದು ಎಫ್‌ಸಿ-ಲಿಸ್ಟ್ ಆದೇಶದ ಜೊತೆ ಕನ್ನಡದ ಎರಡಕ್ಷರದ ಭಾಷಾ ಸಂಕೇತ ಕೊಟ್ಟರೆ, ಕನ್ನಡ ಬರುವ ಫಾಂಟುಗಳ ಪಟ್ಟಿ ಸಿಗುತ್ತದೆ. ಲೋಹಿತ್ ಅಥವಾ ನೋಟೋ ಆಗಲೇ ಇರಬಹುದು.

2. ಹುಡುಕಾಟ ಪ್ಯಾಕೇಜ್ ಭಂಡಾರದಿಂದ ಶುರುವಾಗಲಿ. ಉಬುಂಟು, ಡೆಬಿಯನ್‌ಗಳಲ್ಲಿ ‘ಫಾಂಟ್ಸ್-ಕೆಎನ್‌ಡಿಎ’ ಎಂಬ ಒಂದೇ ಪ್ಯಾಕೇಜ್ ಹಾಕಿದರೆ ಲೋಹಿತ್ ಕನ್ನಡ, ಗುಬ್ಬಿ, ನವಿಲು ಒಟ್ಟಿಗೆ ಬರುತ್ತವೆ. ‘ಕನ್ನಡ’ ಎಂದು ಪೂರ್ತಿ ಕಾಗುಣಿತದಲ್ಲಿ ಹುಡುಕಬೇಡಿ. ಹೆಸರಿನಲ್ಲಿರುವುದು ಲಿಪಿಯ ನಾಲ್ಕಕ್ಷರದ ಸಂಕೇತ. ಹೀಗೆ ಬಂದ ಫಾಂಟ್ ಸಿಸ್ಟಂ ಜೊತೆಗೇ ಅಪ್‌ಡೇಟ್ ಆಗುತ್ತದೆ, ಬೇಡವಾದರೆ ಚೊಕ್ಕವಾಗಿ ಹೋಗುತ್ತದೆ.

3. ಹೊರಗಿನಿಂದ ತರುವಾಗ ಲೈಸೆನ್ಸ್ ಓದಿ. ಗೂಗಲ್ ಫಾಂಟ್ಸ್‌ನಲ್ಲಿರುವ ತಿರೋ ಕನ್ನಡ, ಅನೇಕ್ ಕನ್ನಡ, ಬಲೂ ತಮ್ಮ, ಹುಬ್ಬಳ್ಳಿ, ಬೆಣ್ಣೆ ಎಲ್ಲವೂ ಮುಕ್ತ ಪರವಾನಗಿಯವು. ಪುಸ್ತಕಕ್ಕೂ ಬಳಸಬಹುದು, ಬ್ಯಾನರಿಗೂ ಬಳಸಬಹುದು. ವಿಂಡೋಸಿನಲ್ಲಿರುವ ತುಂಗಾವನ್ನು ಪೆನ್‌ಡ್ರೈವಿನಲ್ಲಿ ತಂದು ಹಾಕಿಕೊಳ್ಳಲು ಅದರ ಲೈಸೆನ್ಸ್ ಒಪ್ಪುವುದಿಲ್ಲ. ಮೈಕ್ರೋಸಾಫ್ಟಿನ ‘ಕೋರ್ ಫಾಂಟ್ಸ್’ ಪ್ಯಾಕೇಜ್ ಹಾಕಿದರೆ ಕನ್ನಡ ಬರುತ್ತದೆ ಎಂಬ ನಂಬಿಕೆಯೂ ಬೇಡ. ಅದರಲ್ಲಿರುವುದು ಏರಿಯಲ್, ಟೈಮ್ಸ್, ವರ್ಡಾನಾದಂಥವು; ಕನ್ನಡದ ಒಂದಕ್ಷರವೂ ಇಲ್ಲ.

4. ಜಾಗ ತಿಳಿದು ಹಾಕಿ. ಜಿಪ್ ಬಿಚ್ಚಿ, ಟಿಟಿಎಫ್ ಅಥವಾ ಒಟಿಎಫ್ ಫೈಲ್ ಮೇಲೆ ಡಬಲ್ ಕ್ಲಿಕ್ ಮಾಡಿ ‘ಇನ್‌ಸ್ಟಾಲ್’ ಒತ್ತಿದರೆ ಗ್ನೋಮ್‌ನಲ್ಲಿ ಕೆಲಸ ಮುಗಿಯಿತು. ಕೈಯಾರೆ ಹಾಕುವವರು ಹೋಮ್ ಫೋಲ್ಡರಿನಲ್ಲಿ ಕಂಟ್ರೋಲ್ ಹಿಡಿದು ಎಚ್ ಒತ್ತಿ. ಅಡಗಿದ್ದ ‘ಡಾಟ್ ಲೋಕಲ್’ ಕಾಣುತ್ತದೆ. ಅದರೊಳಗೆ ‘ಶೇರ್’, ಶೇರ್ ಒಳಗೆ ‘ಫಾಂಟ್ಸ್’. ಇಲ್ಲದಿದ್ದರೆ ಆ ಹೆಸರಿನಲ್ಲಿ ಒಂದು ಫೋಲ್ಡರ್ ಮಾಡಿಕೊಳ್ಳಿ. ಇಲ್ಲಿಟ್ಟದ್ದು ನಿಮ್ಮ ಲಾಗಿನ್‌ಗೆ ಮಾತ್ರ. ಶಾಲೆಯ ಲ್ಯಾಬಿನಂತೆ ಒಂದೇ ಯಂತ್ರವನ್ನು ಹಲವರು ಬಳಸುವಲ್ಲಿ ‘ಯುಎಸ್‌ಆರ್’ ಒಳಗಿನ ‘ಲೋಕಲ್’, ‘ಶೇರ್’, ‘ಫಾಂಟ್ಸ್’ ದಾರಿ ಹಿಡಿಯಿರಿ. ಅದಕ್ಕೆ ಅಡ್ಮಿನ್ ಪಾಸ್‌ವರ್ಡ್ ಬೇಕು.

5. ಎಫ್‌ಸಿ-ಕ್ಯಾಶ್ ಆದೇಶ ಕೊಟ್ಟು, ತೆರೆದಿರುವ ತಂತ್ರಾಂಶಗಳನ್ನು ಮುಚ್ಚಿ ತೆರೆಯಿರಿ. ಕಂಪ್ಯೂಟರ್ ರೀಸ್ಟಾರ್ಟ್ ಮಾಡುವ ಅಗತ್ಯವಿಲ್ಲ.

6. ಪರೀಕ್ಷೆಗೆ ‘ಕನ್ನಡ’ ಎಂದು ಟೈಪಿಸಿ ತೃಪ್ತರಾಗಬೇಡಿ. ಅಷ್ಟನ್ನು ಎಂಥ ಫಾಂಟೂ ತೋರಿಸುತ್ತದೆ. ‘ಸ್ತ್ರೀ’, ‘ರಾಷ್ಟ್ರ’, ‘ಲಕ್ಷ್ಮಿ’, ‘ವಾಙ್ಮಯ’, ‘ಅರ್ಘ್ಯ’ ಬರೆದು ನೋಡಿ. ಎರಡು ಒತ್ತು ಬಂದಲ್ಲಿ ಕೆಳಗಿನದು ಮುಂದಿನ ಸಾಲಿಗೆ ತಾಗುತ್ತದೆಯೇ? ಒಂಬತ್ತು ಪಾಯಿಂಟಿಗೆ ಇಳಿಸಿದಾಗ ಒತ್ತುಗಳ ಹೊಟ್ಟೆ ತುಂಬಿಹೋಗುತ್ತದೆಯೇ? ‘ರ‍್ಯಾಂಕ್’ ಬರೆದರೆ ರಕಾರ ಮುಂದೆಯೇ ನಿಲ್ಲಬೇಕು, ಅರ್ಕಾವತ್ತಾಗಿ ಹಿಂದೆ ಹೋಗಬಾರದು. ಹಳಗನ್ನಡ ಅಚ್ಚು ಮಾಡುವವರು ಱ, ೞ ಎರಡನ್ನೂ ನೋಡಲೇಬೇಕು. ಶಾಸನಪಾಠ ಹಾಕುವವರಿಗೆ ನಕಾರ ಪೊಲ್ಲು ಬೇಕಾದೀತು. ಅದು ಯೂನಿಕೋಡಿಗೆ ಸೇರಿದ್ದೇ 2021ರಲ್ಲಿ, ಹಾಗಾಗಿ ಹಳೆಯ ಫಾಂಟುಗಳಲ್ಲಿ ಅದರ ಜಾಗದಲ್ಲಿ ಖಾಲಿ ಚೌಕ ಕಾಣುತ್ತದೆ. ಮದುವೆ ಕರೆಯೋಲೆಗೆ ಒಪ್ಪುವ ದಪ್ಪ ಅಕ್ಷರ ಇನ್ನೂರು ಪುಟದ ಕಾದಂಬರಿಗೆ ಒಪ್ಪುವುದಿಲ್ಲ ಎಂಬುದೂ ಈ ಹಂತದಲ್ಲೇ ತಿಳಿದುಬಿಡುತ್ತದೆ.

7. ಲಿಬ್ರೆಆಫೀಸಿಗೆ ಬೇರೆಯಾಗಿ ಹೇಳಬೇಕು. ‘ಫಾಂಟ್ ಬದಲಾಯಿಸಿದೆ, ಕನ್ನಡ ಮಾತ್ರ ಹಾಗೇ ಇದೆ’ ಎಂಬ ದೂರಿಗೆ ಬಹುಪಾಲು ಕಾರಣ ಇದೇ. ಈ ತಂತ್ರಾಂಶ ಇಂಗ್ಲಿಷಿಗೊಂದು, ಭಾರತೀಯ ಲಿಪಿಗಳಿಗೊಂದು ಫಾಂಟನ್ನು ಪ್ರತ್ಯೇಕ ನೆನಪಿಟ್ಟುಕೊಳ್ಳುತ್ತದೆ. ಟೂಲ್ಸ್, ಆಪ್ಶನ್ಸ್, ಭಾಷೆಗಳ ವಿಭಾಗಕ್ಕೆ ಹೋಗಿ ‘ಕಾಂಪ್ಲೆಕ್ಸ್ ಟೆಕ್ಸ್ಟ್ ಲೇಔಟ್’ಗೆ ಗುರುತು ಹಾಕಿ ಕನ್ನಡ ಆರಿಸಿ. ಬಳಿಕ ಪ್ಯಾರಾಗ್ರಾಫ್ ಸ್ಟೈಲಿನಲ್ಲೇ ಕನ್ನಡದ ಫಾಂಟ್ ಗೊತ್ತುಮಾಡಿ. ಸಾಲು ಸಾಲು ಸೆಲೆಕ್ಟ್ ಮಾಡಿ ಬದಲಾಯಿಸುತ್ತ ಕೂತರೆ ಮಧ್ಯಾಹ್ನವೆಲ್ಲ ಅಲ್ಲೇ ಕಳೆಯುತ್ತದೆ. ಅಂದಹಾಗೆ, 2017ರಲ್ಲಿ ಬಂದ 5.3ನೇ ಆವೃತ್ತಿಯಿಂದ ಅಕ್ಷರ ಜೋಡಿಸುವ ಕೆಲಸವನ್ನು ಎಲ್ಲ ಕಡೆ ಹಾರ್ಫ್‌ಬಜ್ ಎಂಬ ಮುಕ್ತ ತಂತ್ರಾಂಶವೇ ಮಾಡುತ್ತದೆ. ಅದಕ್ಕಿಂತ ಹಳೆಯದಿದ್ದರೆ ಒತ್ತು ಹಾಳಾದಾಗ ಫಾಂಟನ್ನು ಬೈಯುವ ಮೊದಲು ಆವೃತ್ತಿ ಬದಲಾಯಿಸಿ.

ಫೈರ್‌ಫಾಕ್ಸಿನಲ್ಲೂ ಸೆಟ್ಟಿಂಗ್ಸ್‌ನ ಫಾಂಟ್ ವಿಭಾಗದ ‘ಅಡ್ವಾನ್ಸ್ಡ್’ ಒತ್ತಿದರೆ ಕನ್ನಡಕ್ಕೆಂದೇ ಆಯ್ಕೆ ಇದೆ.

8. ಹಳೆಯ ನುಡಿ, ಬರಹ ಕಡತಗಳನ್ನು ಫಾಂಟಿನಿಂದ ಬದುಕಿಸಲು ಹೋಗಬೇಡಿ. ಯೂನಿಕೋಡಿಗೆ ಮುಂಚಿನ ಆ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಕೇತದ ಮೇಲೆ ಕನ್ನಡದ ರೂಪ ಕೂರಿಸಿದ್ದರು. ಫಾಂಟ್ ಇಲ್ಲದ ಯಂತ್ರದಲ್ಲಿ ನುಡಿಯ ಕಡತ ತೆರೆಯಿರಿ: ಗೀರು ಹೊತ್ತ ರೋಮನ್ ಅಕ್ಷರಗಳ ಕಲಸುಮೇಲೋಗರ, ನಕಾರ ಇದ್ದಲ್ಲೆಲ್ಲ ಪೌಂಡ್ ಹಣದ ಚಿಹ್ನೆ. ಆ ಫಾಂಟ್ ಹಾಕಿದರೆ ಓದಲು ಬರುತ್ತದೆ, ನಿಜ. ಆದರೆ ಹುಡುಕಲು ಬರುವುದಿಲ್ಲ, ಅಕಾರಾದಿಯಾಗಿ ಜೋಡಿಸಲು ಬರುವುದಿಲ್ಲ, ಕಾಗುಣಿತ ತಿದ್ದಲೂ ಬರುವುದಿಲ್ಲ. ಯೂನಿಕೋಡಿಗೆ ಪರಿವರ್ತಿಸಿ, ಆಮೇಲೆ ಅರ್ಕಾವತ್ತು, ಒತ್ತಕ್ಷರಗಳ ಮೇಲೆ ಕಣ್ಣಿಟ್ಟು ಒಮ್ಮೆ ಪೂರ್ತಿ ಓದಿ. ಕಚೇರಿಯ ಹಳೆಯ ಸುತ್ತೋಲೆಗಳನ್ನು ಎಲ್ಲ ಒಂದೇ ದಿನ ಮುಗಿಸುವ ಹಟ ಬೇಡ, ಬೇಕಾದದ್ದನ್ನು ಬೇಕಾದಾಗ ಮಾಡಿಕೊಳ್ಳಿ.

9. ಕಂಡದ್ದನ್ನೆಲ್ಲ ಹಾಕಿಕೊಳ್ಳಬೇಡಿ. ಓದಿಗೆ ಒಂದು, ಶೀರ್ಷಿಕೆಗೆ ಒಂದು, ಪರದೆಗೆ ಒಂದು ಇದ್ದರೆ ಹೆಚ್ಚಿನವರಿಗೆ ಸಾಕು. ಕೈಯಾರೆ ಹಾಕಿದ್ದನ್ನು ತೆಗೆಯಲು ಆ ಫೈಲ್ ಅಳಿಸಿ, ಮತ್ತೆ ಎಫ್‌ಸಿ-ಕ್ಯಾಶ್ ಓಡಿಸಿ.

10. ಪ್ರೆಸ್ಸಿಗೆ ಪಿಡಿಎಫ್ ಕೊಡಿ. ಬರೆದ ಕಡತವನ್ನೇ ಕೊಟ್ಟರೆ ಅವರ ಯಂತ್ರದಲ್ಲಿ ನಿಮ್ಮ ಫಾಂಟ್ ಇರದೆ ಬೇರೊಂದು ಬಂದು ಕೂತು, ಸಾಲು ಒಡೆದು ಪುಟಸಂಖ್ಯೆಯೇ ಏರುಪೇರಾದೀತು. ಕೊಡುವ ಮೊದಲು ಪಿಡಿಎಫ್-ಫಾಂಟ್ಸ್ ಆದೇಶದಿಂದ ಒಮ್ಮೆ ನೋಡಿ. ಪ್ರತಿ ಫಾಂಟಿನ ಎದುರು ‘ಎಂಬ್’ ಎಂಬ ಕಾಲಮ್ಮಿನಲ್ಲಿ ‘ಯೆಸ್’ ಇದ್ದರೆ ಅದು ಕಡತದೊಳಗೇ ಸೇರಿದೆ ಎಂದರ್ಥ. ‘ನೋ’ ಕಂಡರೆ ಪಿಡಿಎಫನ್ನು ಮತ್ತೊಮ್ಮೆ ತೆಗೆಯಿರಿ.