ಬಿಡಿ ಟ್ರ್ಯಾಕಿಗೆ ಮಾಸ್ಟರಿಂಗ್ ಪ್ಲಗಿನ್: ಎಲ್ಲಿ ಹಿತ, ಎಲ್ಲಿ ಅತಿ

ಮಾಸ್ಟರಿಂಗ್ ಪ್ಲಗಿನ್‌ಗಳು ಮಿಕ್ಸ್ ಮುಗಿದ ಇಡೀ ಹಾಡಿಗೆ ಕೊನೆಯ ಹದ ಕೊಡಲೆಂದು ರೂಪುಗೊಂಡವು. ಐಜೋಟೋಪ್ ಸಂಸ್ಥೆಯ ಓಝೋನ್ ಇದಕ್ಕೆ ಪ್ರಸಿದ್ಧ ಉದಾಹರಣೆ. ಇಂಥವನ್ನು ಒಂದೇ ದನಿಗೆ ಅಥವಾ ವಾದ್ಯಕ್ಕೆ ಬಳಸಬಾರದೆಂಬ ನಿಯಮವಿಲ್ಲ. ಆದರೆ ಬಳಸುವ ಮುನ್ನ ಕಾರಣ ಸ್ಪಷ್ಟವಿರಬೇಕು.

ಗಾಯಕರು ಮೈಕಿಗೆ ತೀರಾ ಹತ್ತಿರ ಬಂದಾಗ ದನಿಯ ಕೆಳಸ್ತರ ಉಬ್ಬುತ್ತದೆ. ಇಂಥ ಪ್ಲಗಿನ್‌ನಲ್ಲಿರುವ ಮಲ್ಟಿಬ್ಯಾಂಡ್ ಕಂಪ್ರೆಸರ್ ಆ ಭಾಗವನ್ನಷ್ಟೇ ಹಿಡಿದು ಉಳಿದುದನ್ನು ಹಾಗೆಯೇ ಬಿಡುತ್ತದೆ. ಡ್ರಮ್ಸ್‌ನ ಚೂಪಾದ ಪೆಟ್ಟುಗಳನ್ನು ಲಿಮಿಟರ್‌ನಿಂದ 2–3 ಡೆಸಿಬಲ್ ತಗ್ಗಿಸುವುದೂ ಒಪ್ಪುವ ಕ್ರಮವೇ.

ತೊಂದರೆಗಳೂ ಇವೆ. ಲೀನಿಯರ್ ಫೇಸ್ ಈಕ್ವಲೈಜರ್ ತಬಲಾ, ಮೃದಂಗದಂಥ ಪೆಟ್ಟಿನ ನಾದಕ್ಕೆ ಮುಂಚೆಯೇ ಮಸುಕಾದ ಅನುರಣನ ಸೇರಿಸಬಹುದು. ಮುಂಬರುವ ಸದ್ದನ್ನು ಮೊದಲೇ ನೋಡುವ ಲಿಮಿಟರ್‌ಗಳು ವಿಳಂಬ ತರುತ್ತವೆ. ರೆಕಾರ್ಡಿಂಗ್ ನಡೆಯುವಾಗ ಹೆಡ್‌ಫೋನ್‌ನಲ್ಲಿ ಕೇಳುತ್ತಾ ಹಾಡುವವರಿಗೆ ಇದು ತೊಡಕು. ಹತ್ತಾರು ಟ್ರ್ಯಾಕುಗಳಿಗೆ ಹಾಕಿದರೆ ಕಂಪ್ಯೂಟರ್ ಬಸವಳಿಯುತ್ತದೆ. ಪ್ರತಿ ಟ್ರ್ಯಾಕನ್ನೂ ಲಿಮಿಟರ್‌ನಿಂದ ಅದುಮಿದರೆ ಹಾಡಿನ ಏರಿಳಿತವೇ ಸತ್ತುಹೋಗುತ್ತದೆ.

ಆದ್ದರಿಂದ ಮೊದಲು ಸಾಮಾನ್ಯ ಈಕ್ವಲೈಜರ್, ಕಂಪ್ರೆಸರ್‌ಗಳಿಂದ ಕೆಲಸ ಆಗುವುದೇ ಎಂದು ನೋಡುವುದು ಮೇಲು. ಪ್ಲಗಿನ್‌ನ ಸಿದ್ಧ ಪ್ರಿಸೆಟ್ ಇಡೀ ಹಾಡಿಗೆ ಹೊಂದುವಂಥದ್ದು. ಬಿಡಿ ಟ್ರ್ಯಾಕಿಗೆ ಬೇಕಾದ ಒಂದು ಘಟಕವನ್ನಿಟ್ಟು ಉಳಿದುವನ್ನು ಆಫ್ ಮಾಡಬೇಕು. ಜೋರಾದದ್ದೆಲ್ಲ ಕಿವಿಗೆ ಚೆನ್ನೆನಿಸುವುದರಿಂದ, ಪ್ಲಗಿನ್ ಇದ್ದಾಗ ಮತ್ತು ಇಲ್ಲದಾಗಿನ ದನಿಮಟ್ಟ ಸಮ ಮಾಡಿಯೇ ಹೋಲಿಸಬೇಕು. ಸ್ಪಾಟಿಫೈ ಸಾಮಾನ್ಯವಾಗಿ ಹೊಂದಿಸುವ -14 ಎಲ್‌ಯುಎಫ್‌ಎಸ್‌ನಂಥ ದನಿಮಟ್ಟದ ಗುರಿ ಇಡೀ ಹಾಡಿಗೆ ಸೇರಿದ್ದು. ಅದನ್ನು ಬಿಡಿ ಟ್ರ್ಯಾಕಿನಲ್ಲಿ ಮುಟ್ಟಲು ಹೊರಡಬೇಕಿಲ್ಲ.